ಶನಿವಾರದ ಸಿನಿಮಾ: ‘ಶರೇಡ್’

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 6.45ಕ್ಕೆ ಎಸ್.ಎಸ್.ಪುರಂನ ನಮ್ಮ ಮನೆ ಮಹಡಿ ಮೇಲೆ ‘ಶರೇಡ್’ ಹಾಕುತ್ತಿದ್ದೇವೆ. 1963ರ ಚಿತ್ರ, 113 ನಿಮಿಷ.

ಹಳೇ ಇಂಗ್ಲಿಷ್ ಸಿನಿಮಾ ಯಾಕೆ ಅಂತ ಕೇಳಿದವರಿಗೆ ಉತ್ತರ ಇಲ್ಲಿದೆ. ಗಂಡ ಕೊಲೆಯಾಗಿದ್ದಾನೆ. ಅವನು ಬಚ್ಚಿಟ್ಟ ಎರಡೂವರೆ ಲಕ್ಷ ಡಾಲರ್‌ಗಾಗಿ ಪ್ಯಾರಿಸ್‌ನಲ್ಲಿ ಹೆಂಡತಿಯ ಬೆನ್ನು ಬಿದ್ದಿದ್ದಾರೆ. ನೆರವಿಗೆ ಬಂದವನೋ, ಗಳಿಗೆಗೊಂದು ಹೆಸರು ಹೇಳುತ್ತಾನೆ! ನಂಬುವ ಹಾಗಿಲ್ಲ, ಬಿಡೋಕೂ ಮನಸ್ಸಿಲ್ಲ. ಅನುಮಾನ ಜಾಸ್ತಿಯಾದಷ್ಟೂ ಪ್ರೀತಿಯೂ ಜಾಸ್ತಿ. ನನಗೆ ಹಿಡಿಸಿದ್ದು ಅದೇ. ನಾಯಕ ಕ್ಯಾರಿ ಗ್ರಾಂಟ್, ನಾಯಕಿ ಆಡ್ರೆ ಹೆಪ್‌ಬರ್ನ್‌ಗಿಂತ 25 ವರ್ಷ ದೊಡ್ಡವರು. ಅವರಿಗೇ ಅದು ಮುಜುಗರವಾಗಿ, ಕಥೆಯಲ್ಲಿ ಅವಳೇ ಅವನ ಹಿಂದೆ ಬೀಳುವ ಹಾಗೆ ಮಾಡಿಸಿದರು. ತಮಾಷೆ ಹುಟ್ಟುವುದೇ ಅಲ್ಲಿ. ಹಿಚ್‌ಕಾಕ್ ಚಿತ್ರ ಅಂದುಕೊಳ್ಳುವವರು ಬಹಳ. ಅಲ್ಲ, ನಿರ್ದೇಶಕರು ಸ್ಟ್ಯಾನ್ಲಿ ಡೋನೆನ್.

ಈಗ ಕೆಲಸದ ಮಾತು. ಕುರ್ಚಿ ಇರುವುದು ಎಂಟೇ, ಅವು ಹಿರಿಯರಿಗೆ. ಉಳಿದವರು ಚಾಪೆ ತನ್ನಿ. ಮಳೆ ಬಂದರೆ ಕೆಳಗೆ ಹಾಲ್‌ನಲ್ಲಿ, ಸ್ವಲ್ಪ ಇಕ್ಕಟ್ಟು. ಗಾಡಿಗಳನ್ನು ಪಕ್ಕದ ಮನೆ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಹೋದ ಸಲ ಬೈಸಿಕೊಂಡಿದ್ದು ನಾನು! ಊಟಕ್ಕೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸುತ್ತೇವೆ. ಬರುವವರು, ಮನೆಯಿಂದ ಎಷ್ಟು ಜನ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ.

ಮೊದಲೇ ನೋಡಿದವರು ದಯವಿಟ್ಟು ದುಡ್ಡು ಎಲ್ಲಿದೆ ಅಂತ ಬಾಯಿಬಿಡಬೇಡಿ. ಗುಂಪಿನಲ್ಲೂ, ಮಹಡಿ ಮೇಲೂ.