ತಡವಾಗುವುದು ಮೊದಲರ್ಧದಲ್ಲೇ

ಪ್ರೀತಿಯ ಪುಟ್ಟಿ,

ಮುಟ್ಟು ಈ ಸಲವೂ ತಡವಾಯಿತು, ನನ್ನ ಮೈಯಲ್ಲಿ ಏನೋ ಕೆಟ್ಟಿರಬೇಕು ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಇಂಥ ಭಯವನ್ನು ಒಬ್ಬಳೇ ಇಟ್ಟುಕೊಂಡು ಕೊರಗಬಾರದು ಕಣೇ. ಮೊದಲ ಮುಟ್ಟಾಗಿ ಎರಡು ಮೂರು ವರ್ಷದವರೆಗೆ, ಹಿಂದಿನ ಮುಟ್ಟಿನ ಮೊದಲ ದಿನದಿಂದ ಎಣಿಸಿ 21ರಿಂದ 45 ದಿನದೊಳಗೆ ಯಾವಾಗ ಬಂದರೂ ಸಹಜವೇ. 28 ಎನ್ನುವುದು ಬರೀ ಸರಾಸರಿ.

ಎಲ್ಲ ಶುರುವಾಗುವುದು ಮೆದುಳಿನಲ್ಲಿ. ಅಲ್ಲಿನ ಹೈಪೋಥಲಾಮಸ್ ಒಂದೊಂದೂವರೆ ಗಂಟೆಗೊಮ್ಮೆ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹಾರ್ಮೋನಿನ ಸಣ್ಣ ಮಿಡಿತ ಕಳಿಸುತ್ತದೆ. ಪಿಟ್ಯುಟರಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಬಿಡುಗಡೆ ಮಾಡಿದಾಗ ಅಂಡಾಶಯದಲ್ಲಿ ಕೆಲವು ಕೋಶಕಗಳು, ಅಂದರೆ ಒಳಗೆ ಅಂಡವಿರುವ ಪುಟ್ಟ ಚೀಲಗಳು, ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದೇ ಮುಂದೆ ಸಾಗುತ್ತದೆ, ಉಳಿದವು ಅಲ್ಲಲ್ಲೇ ಕರಗುತ್ತವೆ. ಬೆಳೆದ ಕೋಶಕ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ.

ನನಗೆ ಇಂದಿಗೂ ಬೆರಗೆನಿಸುವುದು ಮುಂದಿನ ಘಟ್ಟ. ಅಲ್ಲಿಯವರೆಗೆ ಈಸ್ಟ್ರೋಜೆನ್ ಪಿಟ್ಯುಟರಿಯನ್ನು ತಡೆದು ಹಿಡಿದಿರುತ್ತದೆ. ಅದೇ ಈಸ್ಟ್ರೋಜೆನ್ ಎರಡು ದಿನ ಏರಿದ ಮಟ್ಟದಲ್ಲೇ ನಿಂತರೆ ಪರಿಣಾಮ ತಿರುವುಮುರುವಾಗುತ್ತದೆ: ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಒಂದೂವರೆ ದಿನದಲ್ಲಿ ಕೋಶಕ ಒಡೆದು ಅಂಡ ಹೊರಬರುತ್ತದೆ. ನಿನ್ನ ವಯಸ್ಸಿನಲ್ಲಿ ಈ ತಿರುವು ಇನ್ನೂ ಪಳಗಿರುವುದಿಲ್ಲ. ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ, ಹಾಗಾಗಿ ಲೆಕ್ಕ ತಪ್ಪುತ್ತದೆ.

ಒಡೆದ ಕೋಶಕ ಹಾಳಾಗುವುದಿಲ್ಲ. ಕಾರ್ಪಸ್ ಲ್ಯೂಟಿಯಂ ಎಂಬ ಗ್ರಂಥಿಯಾಗಿ ಮಾರ್ಪಟ್ಟು, ಒಳಪದರವನ್ನು ಹಿಡಿದಿಡುವ ಪ್ರೊಜೆಸ್ಟರೋನ್ ಹಾರ್ಮೋನನ್ನು ತಯಾರಿಸುತ್ತದೆ, ಮೈಯ ಬಿಸಿಯೂ ಕೊಂಚ ಏರುತ್ತದೆ. ಗರ್ಭ ನಿಲ್ಲದಿದ್ದರೆ ಕಾರ್ಪಸ್ ಲ್ಯೂಟಿಯಂನ ಆಯಸ್ಸು ಹೆಚ್ಚುಕಡಿಮೆ ಎರಡು ವಾರ. ಅದು ಕುಗ್ಗಿದೊಡನೆ ಪ್ರೊಜೆಸ್ಟರೋನ್ ಇಳಿದು ಒಳಪದರ ಕಳಚುತ್ತದೆ, ಅದೇ ಮುಟ್ಟು. ಆಗ ಒಳಪದರದಿಂದ ಒಸರುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶವನ್ನು ಹಿಂಡುವುದರಿಂದಲೇ ಹೊಟ್ಟೆನೋವು. ಆ ನೋವು ನಿಜವಾದದ್ದು, ಅದನ್ನು ನಾಟಕ ಎನ್ನುವವರ ಮಾತಿಗೆ ಕಿವಿಗೊಡಬೇಡ.

ಅಂಡ ಹೊರಬಂದ ಮೇಲಿನ ಈ ಎರಡನೆಯ ಅರ್ಧ ಅಷ್ಟಾಗಿ ಏರುಪೇರಾಗುವುದಿಲ್ಲ. ತಡವಾಗುವುದು ಹೆಚ್ಚಾಗಿ ಮೊದಲರ್ಧದಲ್ಲಿ, ಅಂಡ ಹೊರಬರುವ ಮುಂಚೆ. ಪರೀಕ್ಷೆಯ ಒತ್ತಡ, ಜ್ವರ, ನಿದ್ದೆಗೇಡು ಮೆದುಳಿನ ಆ ಮಿಡಿತವನ್ನೇ ನಿಧಾನಿಸಬಲ್ಲವು. ತೆಳ್ಳಗಾಗಬೇಕೆಂದು ಊಟ ಬಿಡುತ್ತಿದ್ದೀಯಂತೆ. ನನಗೆ ಅನುಮಾನವಿರುವುದು ಅದರ ಮೇಲೆಯೇ. ಹೊಟ್ಟೆಗೆ ಸಾಲದಿದ್ದರೆ ಮೆದುಳು ಮೊದಲು ಕೈಬಿಡುವ ಕೆಲಸಗಳಲ್ಲಿ ಇದೂ ಒಂದು. ಮೂರು ಹೊತ್ತೂ ಸರಿಯಾಗಿ ಉಣ್ಣು.

ಮುಟ್ಟು ಮುಂದೂಡುವ ಮಾತ್ರೆಯ ಬಗ್ಗೆಯೂ ಕೇಳಿದ್ದೀಯ. ಅದು ಪ್ರೊಜೆಸ್ಟರೋನ್‌ನಂತೆ ವರ್ತಿಸಿ ಒಳಪದರವನ್ನು ಹಿಡಿದಿಡುತ್ತದೆ. ಗೆಳತಿ ಕೊಟ್ಟಳೆಂದು ನುಂಗಬೇಡ, ವೈದ್ಯರನ್ನು ಕೇಳದೆ ಬೇಡವೇ ಬೇಡ.

ಪ್ರತಿ ಸಲ ಮೊದಲ ದಿನದ ತಾರೀಖು ಬರೆದಿಡು. ಮೂರು ತಿಂಗಳು ಮುಟ್ಟೇ ಬಾರದಿದ್ದರೆ, ಏಳು ದಿನ ದಾಟಿಯೂ ರಕ್ತ ನಿಲ್ಲದಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಮ್ಮನ ಹತ್ತಿರ ಹೇಳಲು ಸಂಕೋಚವಾದರೆ ನನಗೆ ಫೋನ್ ಮಾಡು, ನಾನೇ ಜೊತೆಗೆ ಬರುತ್ತೇನೆ.

ನಿನ್ನ ಚಿಕ್ಕಮ್ಮ