ಆ ದನಗಳಿಗೆ ನಿನ್ನ ಪರಿಚಯ ಇಲ್ಲ ಪುಟ್ಟಿ

ಪುಟ್ಟಿ,

ವಾಯ್ಸ್ ಮೆಸೇಜ್ ಹಾಕಿದ್ರೆ ನೀನು ಅರ್ಧ ಕೇಳಿ ಬಿಟ್ಬಿಡ್ತೀಯ, ಅದಕ್ಕೇ ಉದ್ದಕ್ಕೆ ಟೈಪ್ ಮಾಡ್ತಾ ಇದೀನಿ, ಒಂದ್ ಕಡೆ ಕೂತು ಪೂರ್ತಿ ಓದು. ಮೊನ್ನೆ ಫೋನಲ್ಲಿ ಹೇಳ್ದಲ್ಲ, ಶನಿವಾರ ಆದ್ರೆ ಇಂಗ್ಲೆಂಡಿನ ನಿನ್ನ ಶೆಫೀಲ್ಡಿಂದ ಬಸ್ ಹತ್ತಿ ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡಿನ ಕಡೆ ನಡೆಯೋಕೆ ಹೋಗ್ತೀವಿ, ದಾರಿ ದನ ಮೇಯೋ ಹುಲ್ಲುಗಾವಲಿನ ಮಧ್ಯದಲ್ಲೇ ಹೋಗತ್ತೆ, ಫ್ರೆಂಡ್ಸೆಲ್ಲ ಹೆದರಿ ಗೇಟ್ ಹತ್ರಾನೇ ನಿಂತ್ಬಿಡ್ತಾರೆ, ನಾನೇ ಮುಂದೆ ಹೋಗಿ ಹೋ ಹೋ ಅಂತ ದನ ಓಡಿಸಿ ದಾರಿ ಮಾಡ್ಕೊಡ್ತೀನಿ, ನಾನು ಕೊಟ್ಟಿಗೇಲಿ ಬೆಳೆದವಳಲ್ವಾ ಅಂತ. ನೀನು ಖುಷೀಲಿ ಹೇಳ್ದೆ, ನನಗೆ ಮಾತ್ರ ಆಮೇಲೆ ಹಾಲು ಕರೆಯೋವಾಗ್ಲೂ ಅದೇ ಯೋಚನೆ. ಹೆದರಿ ನಿಲ್ಲೋ ಆ ಹುಡುಗೀರ ಬಗ್ಗೆ ನನಗೆ ಚಿಂತೆ ಇಲ್ಲ, ಅವರು ಹೇಗೂ ದೂರ ಇರ್ತಾರೆ. ಚಿಂತೆ ಎಲ್ಲಾ ಹೆದರದೇ ಇರೋ ನಿನ್ನದೇ.

ಯಾಕೆ ಅಂತ ಹೇಳ್ತೀನಿ. ನಮ್ಮ ಗೌರಿ, ಕೆಂಪಿ ಎಲ್ಲಾ ನಿನ್ನನ್ನ ಕಂಡು ಸುಮ್ನೆ ನಿಲ್ತಾ ಇದ್ದಿದ್ದು ದನದ ಜಾತಿನೇ ಸಾಧು ಅಂತಲ್ಲ. ಹುಟ್ಟಿದ ದಿನದಿಂದ ನಮ್ಮ ಕೈ ಅದರ ಮೈಮೇಲೆ ಇರತ್ತೆ, ಬೆಳಿಗ್ಗೆ ಸಂಜೆ ಕೆಚ್ಚಲು ತೊಳೀತೀವಿ, ಹಿಂಡಿ ಕಲೆಸಿ ಇಡ್ತೀವಿ, ಉಣ್ಣಿ ತೆಗೀತೀವಿ, ಕರು ಕಟ್ಟೋದು ಬಿಡೋದು ಎಲ್ಲಾ ನಾವೇ. ಮನುಷ್ಯರ ವಾಸನೆ ಅಂದ್ರೆ ಅವಕ್ಕೆ ತಿಂಡಿಯ ವಾಸನೆ. ನೀನು ನೋಡೋ ಆ ದನಗಳಲ್ಲಿ ತುಂಬಾ ಇರೋದು ಮಾಂಸಕ್ಕೆ ಅಂತ ಸಾಕೋ ತಳಿ, ಅವನ್ನ ಯಾರೂ ಕರೆಯೋದಿಲ್ಲ, ಕರು ತಿಂಗಳುಗಟ್ಲೆ ತಾಯಿ ಜೊತೇಲೇ ಬಯಲಲ್ಲಿ ಹಾಲು ಕುಡ್ಕೊಂಡು ಬೆಳೆಯತ್ತೆ, ಮನುಷ್ಯರು ಅಂದ್ರೆ ದೂರದಲ್ಲಿ ಗಾಡೀಲಿ ಬಂದು ನೋಡ್ಕೊಂಡು ಹೋಗೋರು, ಇಲ್ಲಾ ಹಿಡಿದು ಚುಚ್ಚುಮದ್ದು ಹಾಕ್ಸೋರು. ಅಮೆರಿಕದಲ್ಲಿ ಟೆಂಪಲ್ ಗ್ರಾಂಡಿನ್ ಅಂತ ಒಬ್ಬರು ಪ್ರೊಫೆಸರ್ ಇದಾರೆ, ದನಗಳ ಸ್ವಭಾವದ ಬಗ್ಗೆ ಜೀವಮಾನ ಪೂರ್ತಿ ಕೆಲಸ ಮಾಡಿರೋರು, ಅವರು ವಿವರಿಸ್ತಾರೆ, ದನದ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರತ್ತೆ, ಆ ಗೆರೆ ಒಳಗೆ ಕಾಲಿಟ್ರೆ ಅದು ಜರುಗತ್ತೆ, ಕೈಯಲ್ಲಿ ಪಳಗಿದ ದನಕ್ಕೆ ಆ ಗೆರೆ ಇರೋದೇ ಇಲ್ಲ, ಬಯಲಲ್ಲಿ ಬೆಳೆದಿದ್ದಕ್ಕೆ ಎಷ್ಟೋ ದೂರದಲ್ಲೇ ಇರತ್ತೆ. ಜರುಗೋಕೆ ಜಾಗ ಇಲ್ಲದೆ ಇದ್ರೆ, ಅಥವಾ ಪಕ್ಕದಲ್ಲಿ ಕರು ಇದ್ರೆ, ಜರುಗೋ ಬದ್ಲು ಮೇಲೆ ಬರತ್ತೆ. ಕೊಟ್ಟಿಗೇಲಿ ನಿನಗೆ ಆ ಗೆರೆ ಯಾವತ್ತೂ ಸಿಕ್ಕಿಲ್ಲ ಪುಟ್ಟಿ, ಅದಕ್ಕೇ ಅದು ಇದೆ ಅಂತಾನೇ ನಿನಗೆ ಗೊತ್ತಾಗಲ್ಲ.

ಗಾತ್ರಾನೂ ನೋಡು. ನಮ್ಮ ಮಲೆನಾಡು ಗಿಡ್ಡ ತಳಿ ಹಸು ನಿನ್ನ ಸೊಂಟದ ಎತ್ತರಕ್ಕೆ ಬರತ್ತೆ, ಹಾಯೋಕೆ ಬಂದ್ರೂ ಕೊಂಬು ಹಿಡಿದು ಪಕ್ಕಕ್ಕೆ ನೂಕಬಹುದು. ಅಲ್ಲಿನ ದೊಡ್ಡ ತಳಿ ಹಸು ಒಂದೊಂದು 600, 700 ಕೆಜಿ ತೂಗತ್ತೆ, ಹೋರಿ ಸಾವಿರ ಕೆಜಿ ದಾಟತ್ತೆ. ಕೊಂಬು ಇಲ್ಲ ಅಂತ ಧೈರ್ಯ ಬೇಡ. ಅವು ತಲೇಲಿ ಗುದ್ದಿ ಕೆಡವಿ ಆಮೇಲೆ ತುಳಿಯೋದು, ಜನ ಸಾಯೋದು ಆ ತುಳಿತದಿಂದ.

ಆ ದೇಶದಲ್ಲಿ ದನ ಗುದ್ದಿ ಸಾಯೋರಲ್ಲಿ ಹೆಚ್ಚಿನವರು ದನ ಸಾಕೋರೇ, ದಾರೀಲಿ ನಡೆಯೋರು ಕಮ್ಮಿ. ಅದಕ್ಕೇ ನಡೆಯೋಕೆ ಹೋಗ್ಬೇಡ ಅಂತ ನಾನು ಹೇಳಲ್ಲ, ಹೋಗು, ಹೊಟ್ಟೆ ತುಂಬಾ ಗಾಳಿ ಕುಡ್ಕೊಂಡು ಬಾ. ಆದ್ರೆ ನಡೆಯೋರಿಗೆ ಪೆಟ್ಟಾದ ಸುದ್ದಿ ತೆಗೆದು ನೋಡಿದ್ರೆ ಎರಡು ವಿಷಯ ಮತ್ತೆ ಮತ್ತೆ ಬರತ್ತೆ, ಒಂದು ಕರು, ಇನ್ನೊಂದು ನಾಯಿ. ನಿಮ್ಮ ಮನೆ ಓನರಮ್ಮನ ನಾಯೀನೂ ಕರ್ಕೊಂಡು ಹೋಗ್ತೀವಿ ಅಂದ್ಯಲ್ಲ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಪೊನ್ನಂಪೇಟೆ ಕಡೆ ಹುಲಿ ದನ ಹಿಡೀತು ಅಂತ ಆಗಾಗ ಸುದ್ದಿ ಬರತ್ತಲ್ಲ, ಅಲ್ಲಿ ಚಿಕ್ಕಮ್ಮನ ಮನೆ ದನಗಳು ಕಾಡಿನ ಅಂಚಲ್ಲಿ ಏನೋ ವಾಸನೆ ಹಿಡಿದ್ರೆ ಎಲ್ಲಾ ಒಟ್ಟಾಗಿ ನಿಂತು ಕಿವಿ ನಿಮಿರಿಸ್ತವೆ, ಕರುಗಳು ಮಧ್ಯಕ್ಕೆ ಹೋಗ್ತವೆ. ಇಂಗ್ಲೆಂಡಲ್ಲಿ ತೋಳ ಮುಗಿದು ಎಷ್ಟೋ ನೂರು ವರ್ಷ ಆಯ್ತು, ಆದ್ರೂ ದನದ ರಕ್ತದಲ್ಲಿ ಅದು ಹೋಗಿಲ್ಲ, ನಾಲ್ಕು ಕಾಲಲ್ಲಿ ತಲೆ ತಗ್ಗಿಸಿ ಮೂಸ್ಕೊಂಡು ಬರೋದು ಅಂದ್ರೆ ಕರು ತಿನ್ನೋಕೆ ಬಂದಿದ್ದು ಅಂತಾನೇ ಲೆಕ್ಕ, ಅದು ಎಷ್ಟೇ ಮುದ್ದಾದ ಸಾಕುನಾಯಿ ಆಗಿರ್ಲಿ. ಡೇವಿಡ್ ಬ್ಲಂಕೆಟ್ ಅಂತ, ನಿನ್ನ ಶೆಫೀಲ್ಡಿನವರೇ, ಅಲ್ಲಿಂದಾನೇ ಎಂಪಿ ಆಗಿದ್ದೋರು, ಆ ದೇಶದ ಗೃಹ ಮಂತ್ರಿನೂ ಆಗಿದ್ರು, ಕಣ್ಣು ಕಾಣಲ್ಲ ಅವರಿಗೆ, 2009ರಲ್ಲಿ ತಮ್ಮ ದಾರಿ ತೋರ್ಸೋ ನಾಯಿ ಜೊತೆ ಇದೇ ಪೀಕ್ ಡಿಸ್ಟ್ರಿಕ್ಟಲ್ಲಿ ನಡೀತಾ ಇದ್ದಾಗ ಹಸು ನುಗ್ಗಿ ಕೆಡವಿ ಪಕ್ಕೆಲುಬು ಮುರೀತು. ಆ ನಾಯಿ ಎಷ್ಟು ಟ್ರೈನಿಂಗ್ ಆಗಿರೋದು ಯೋಚನೆ ಮಾಡು, ಬೊಗಳೋದೂ ಇಲ್ಲ, ಎಳೆದಾಡೋದೂ ಇಲ್ಲ, ಆದ್ರೂ.

ಹಾಗಾಗಿ ನಾಯಿ ಇದ್ರೆ ದನ ಇರೋ ಕಡೆ ಚಿಕ್ಕ ಬೆಲ್ಟಲ್ಲೇ ಹತ್ರ ಹಿಡ್ಕೊಂಡು ಹೋಗು. ಆದ್ರೆ ದನ ನಿಜವಾಗ್ಲೂ ನುಗ್ಗಿ ಬಂತು ಅನ್ನೋ ಕ್ಷಣ ಬೆಲ್ಟ್ ಕೈ ಬಿಟ್ಬಿಡು. ಇದನ್ನ ಎರಡು ಸಲ ಓದು. ಪಾಪ ನಾಯಿಗೆ ಏನಾದ್ರೂ ಆದೀತು ಅಂತ ಎತ್ಕೊಳ್ಳೋಕೆ ಹೋಗ್ಬೇಡ, ಎದೆಗೆ ಅವಚ್ಕೋಬೇಡ, ಹಸುಗೆ ಬೇಕಾಗಿರೋದು ನಾಯಿ, ನೀನು ಅದನ್ನ ಹಿಡ್ಕೊಂಡಷ್ಟು ಹೊತ್ತು ಗುದ್ದು ನಿನಗೇ. ಬಿಟ್ರೆ ಅದು ದನಕ್ಕಿಂತ ಜೋರಾಗಿ ಓಡಿ ತಪ್ಪಿಸ್ಕೊಳ್ಳತ್ತೆ, ದನಾನೂ ಅದರ ಹಿಂದೆ ಹೋಗತ್ತೆ, ನಿನಗೆ ಗೇಟ್ ಸೇರೋಕೆ ಟೈಮ್ ಸಿಗತ್ತೆ. ಓನರಮ್ಮನಿಗೂ ಮುಂಚೇನೇ ಇದನ್ನ ಹೇಳಿಟ್ಟಿರು. ಇನ್ನೂ ಒಂದು, ನಾಯಿ ಹೇತಿದ್ದನ್ನ ಹುಲ್ಲಲ್ಲಿ ಬಿಟ್ಟು ಬರ್ಬೇಡ, ಅದರಿಂದ ನಿಯೋಸ್ಪೋರಾ ಅನ್ನೋ ಒಂದು ಪರಾವಲಂಬಿ ಜೀವಿ ಹುಲ್ಲಿಗೆ ಸೇರಿ, ತಿಂದ ಗಬ್ಬದ ಹಸು ಕಂದು ಹಾಕತ್ತೆ. ಗಬ್ಬದ ಹಸು ಕಂದು ಹಾಕಿದ್ರೆ ಮನೇಲಿ ಹೇಗಿರತ್ತೆ ಅಂತ ನಿನಗೆ ನಾನು ಹೇಳ್ಬೇಕಾ.

ಇನ್ನು ಹೋಗೋ ರೀತಿ. ಇಲ್ಲಿ ತೋಟಕ್ಕೆ ಇಳಿಯೋ ಮುಂಚೆ ಆನೆ ಇದೆಯಾ ಅಂತ ನಿಂತು ಕಿವಿಗೊಟ್ಟು, ವಾಟ್ಸಾಪ್ ಗ್ರೂಪ್ ನೋಡಿ ಆಮೇಲೆ ಕಾಲಿಡ್ತೀವಲ್ಲ, ಆ ಅಭ್ಯಾಸ ಅಲ್ಲೂ ಇರ್ಲಿ. ಗೇಟ್ ಹತ್ರ ಬಂದ ತಕ್ಷಣ ಒಳಗೆ ಹೋಗ್ಬೇಡ. ದನ ಎಲ್ಲಿವೆ, ಕರು ಇದೆಯಾ, ಹೋರಿ ಇದೆಯಾ, ಆಚೆ ಕಡೆ ಗೇಟೋ ತಡಮೆಯೋ ಎಲ್ಲಿದೆ, ಮಧ್ಯದಲ್ಲಿ ಏನಾದ್ರೂ ಆದ್ರೆ ಯಾವ ಕಡೆ ಹೋಗೋದು, ಇಷ್ಟು ನೋಡ್ಕೊ. ಆ ಕಡೆ ಬೇಲಿ ಬದ್ಲು ಸಿಮೆಂಟ್ ಇಲ್ಲದೆ ಬರೀ ಕಲ್ಲು ಜೋಡ್ಸಿರೋ ಗೋಡೆ ಇರತ್ತೆ ಅಂತ ಫೋಟೋಲಿ ನೋಡ್ದೆ, ನೋಡೋಕೆ ಚೆಂದ, ಆದ್ರೆ ಗಾಬರೀಲಿ ಹತ್ತೋಕೆ ಹೋದ್ರೆ ಕಲ್ಲು ಸಮೇತ ಬೀಳ್ತೀಯ, ಅದಕ್ಕೇ ಗೇಟ್ ತಡಮೆ ಎಲ್ಲಿದೆ ಅಂತ ಮೊದ್ಲೇ ಗೊತ್ತಿರ್ಬೇಕು. ತಂತಿ ಬೇಲಿಗೆ ಕರೆಂಟ್ ಇರಬಹುದು, ನಮ್ಮ ಸೋಲಾರ್ ಬೇಲಿ ತರಾನೇ ಬಿಟ್ಟು ಬಿಟ್ಟು ಹೊಡೆಯೋದು, ಅದನ್ನ ನಿನಗೆ ಹೇಳ್ಕೊಡ್ಬೇಕಾಗಿಲ್ಲ.

ಒಳಗೆ ಹೋದ್ಮೇಲೆ ಹಿಂಡನ್ನ ಸೀಳ್ಕೊಂಡು ಹೋಗ್ಬೇಡ. ದಾರಿ ಮಧ್ಯದಲ್ಲೇ ಇದೆ ಅಂತ ಮ್ಯಾಪ್ ತೋರ್ಸಿದ್ರೂ ದನ ಅಲ್ಲೇ ಮಲಗಿದ್ರೆ ಗೋಡೆ ಅಂಚಲ್ಲಿ ಸುತ್ತು ಹಾಕಿ ಆಚೆ ಹೋಗಿ ದಾರಿ ಸೇರ್ಕೊ, ಅಲ್ಲಿನ ಸರ್ಕಾರದವರು ನಡೆಯೋರಿಗೆ ಅಂತ ಮಾಡಿರೋ ನಿಯಮದಲ್ಲೂ ದನಕ್ಕೆ ಬೇಕಾದಷ್ಟು ಜಾಗ ಬಿಡಿ ಅಂತಾನೇ ಹೇಳಿದೆ. ತಾಯಿ ಒಂದು ಕಡೆ ಕರು ಒಂದು ಕಡೆ ಇದ್ರೆ ಮಧ್ಯದಲ್ಲಿ ಮಾತ್ರ ಯಾವತ್ತೂ ಹೋಗ್ಬೇಡ, ಎಳೆ ಕರು ಹುಲ್ಲಲ್ಲಿ ಮುದುರಿ ಮಲಗಿದ್ರೆ ಕಾಣೋದೂ ಇಲ್ಲ, ತಾಯಿ ಒಂಟಿಯಾಗಿ ನಿಂತು ಒಂದೇ ಕಡೆ ನೋಡ್ತಾ ಇದ್ರೆ ಆ ಕಡೆ ಕರು ಇದೆ ಅಂತ ತಿಳ್ಕೊ. ನಮ್ಮ ಕೆಂಪಿನೇ ಈದ ವಾರ ನಿನ್ನಪ್ಪನನ್ನ ಹತ್ರ ಸೇರ್ಸಲ್ಲ, ಇನ್ನು ಅವು ನಿನ್ನನ್ನ ಸೇರ್ಸ್ತಾವಾ. ನೀರಿನ ತೊಟ್ಟಿ ಹತ್ರ, ಮೇವು ಹಾಕೋ ಜಾಗದ ಹತ್ರ, ಗೇಟ್ ಬಾಯಲ್ಲಿ ಅವು ಗುಂಪು ಕಟ್ಟಿರ್ತವೆ, ಅಲ್ಲಿ ತಾಳ್ಮೆಯಿಂದ ಕಾಯಿ, ಕೈ ತಟ್ಟಿ ಓಡಿಸೋದೆಲ್ಲ ಇನ್ಮೇಲೆ ಬೇಡ.

ದನಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರೋದ್ರಿಂದ ಸುತ್ತ ಹೆಚ್ಚುಕಮ್ಮಿ ಎಲ್ಲಾ ಕಾಣತ್ತೆ, ಸರೀ ಹಿಂದೆ ಮಾತ್ರ ಕಾಣಲ್ಲ. ಹಿಂದಿನಿಂದ ಹೋಗಿ ಬೆಚ್ಚಿ ಬೀಳಿಸ್ಬೇಡ, ಮೆಲ್ಲಗೆ ಮಾತಾಡ್ಕೊಂಡು ಹೋಗು, ಇಯರ್‌ಫೋನ್ ತೆಗೆದಿಡು, ಕಿರುಚ್ಬೇಡಿ, ಎಲ್ಲರೂ ಒಟ್ಟಿಗೆ ಇರಿ. ತಲೆ ತಗ್ಗಿಸಿ ಅಲ್ಲಾಡ್ಸೋದು, ಕಾಲಲ್ಲಿ ನೆಲ ಕೆದರೋದು, ಬುಸುಗುಟ್ಟೋದು ನಿನಗೆ ಗೊತ್ತು. ಹೋರಿ ಪಕ್ಕಕ್ಕೆ ತಿರುಗಿ ಬೆನ್ನು ಉಬ್ಬಿಸಿ ಇಡೀ ಮೈ ತೋರ್ಸಿ ನಿಂತ್ರೆ ಅದೂ ಎಚ್ಚರಿಕೇನೇ, ನನ್ನನ್ನ ನೋಡ್ತಾ ಇಲ್ಲ ಅಂದ್ಕೋಬೇಡ, ಆಗ ಬೆನ್ನು ತೋರ್ಸದೆ ಹಿಂದಕ್ಕೆ ಹೆಜ್ಜೆ ಇಡ್ತಾ ಬಂದ ಗೇಟಿಗೇ ವಾಪಸ್ ಬಾ.

ಹೋರಿ ವಿಷಯದಲ್ಲಿ ಅಲ್ಲೊಂದು ಕಾನೂನು ಇದೆ, 1981ರದ್ದು. ಹತ್ತು ತಿಂಗಳು ದಾಟಿದ ಹಾಲಿನ ತಳಿ ಹೋರೀನ ಅಂದ್ರೆ ಜರ್ಸಿ, ಹೋಲ್‌ಸ್ಟೀನ್, ಫ್ರೀಸಿಯನ್, ಗರ್ನ್ಸಿ, ಐರ್‌ಶೈರ್ ಇಂಥವನ್ನ ಜನ ನಡೆಯೋ ದಾರಿ ಇರೋ ಹುಲ್ಲುಗಾವಲಿಗೆ ಬಿಡೋ ಹಾಗೇ ಇಲ್ಲ, ಮಾಂಸದ ತಳಿ ಹೋರಿ ಆದ್ರೆ ಹಸು ಅಥವಾ ಕಡಸುಗಳ ಜೊತೆ ಮಾತ್ರ ಬಿಡಬಹುದು. ನಮ್ಮ ಮನೇಲಿ ಜರ್ಸಿ ಅಂದ್ರೆ ಮೆತ್ತಗಿನ ಹಸು, ಅದರ ಹೋರಿಗೆ ಯಾಕೆ ಕಾನೂನು ಅಂತ ನಿನಗೆ ಅನ್ನಿಸಬಹುದು, ಇಲ್ಲಿ ಹಸುಗೆ ಗಬ್ಬ ಕಟ್ಟೋಕೆ ಎಲ್ಲಾ ಇಂಜೆಕ್ಷನ್ನೇ ಆಗಿರೋದ್ರಿಂದ ನೀನು ದೊಡ್ಡ ಜರ್ಸಿ ಹೋರೀನ ಹತ್ರದಿಂದ ನೋಡೇ ಇಲ್ಲ. ಹಸು ಎಷ್ಟು ಸಾಧುವೋ ಹೋರಿ ಅಷ್ಟು ಕೋಪಿಷ್ಠ. ಕಾನೂನು ಇದೆ ಅಂದ್ರೆ ಹೋರಿ ಸಿಗೋದೇ ಇಲ್ಲ ಅಂತೇನಿಲ್ಲ, ಹಸುಗಳ ಜೊತೆ ಹೋರಿ ಇರೋದು ಸಕ್ರಮಾನೇ, ದೂರದಿಂದಲೇ ದಾಟು.

ನೀನು ಓಡಿಸ್ತೀನಿ ಅಂದಿದ್ದು ಬಹುಶಃ ಕಡಸುಗಳೋ ಬೀಜ ತೆಗೆದ ಗಂಡುಕರುಗಳೋ ಇರ್ಬೇಕು, ವಯಸ್ಸಿನ ಹುಡುಗಾಟ, ಯಾರಾದ್ರೂ ಬಂದ್ರೆ ಎಲ್ಲಾ ಗುಂಪಾಗಿ ಓಡಿ ಬಂದು ಮೂಸಿ ನೋಡೋಕೆ ನೋಡ್ತವೆ. ಅಲ್ಲಿ ಚಳಿಗಾಲ ಪೂರ್ತಿ ಕೊಟ್ಟಿಗೇಲಿ ಕೂಡಿಟ್ಟು ವಸಂತದಲ್ಲಿ ಹುಲ್ಲಿಗೆ ಬಿಡ್ತಾರಂತೆ, ಬಿಟ್ಟ ಹೊಸದ್ರಲ್ಲಂತೂ ಕುಣಿದಾಡ್ತಾ ಇರ್ತವೆ. ಅವು ಓಡಿ ಬಂದಾಗ ನೀನು ಓಡಿದ್ರೆ ಅವಕ್ಕೆ ಆಟ, ಇನ್ನೂ ಜೋರಾಗಿ ಬರ್ತವೆ, ಹಿಂದಿನವು ಮುಂದಿನವನ್ನ ನೂಕ್ತವೆ, ನಿಲ್ಬೇಕು ಅಂದ್ರೂ ನಿಲ್ಲೋಕಾಗಲ್ಲ. ನೀನು ನಿಲ್ಲು, ತಿರುಗಿ ಮುಖ ತೋರ್ಸು, ಎರಡೂ ಕೈ ಅಗಲ ಮಾಡು, ಗಟ್ಟಿ ದನೀಲಿ ಒಂದು ಮಾತು ಹೇಳು, ಸಾಮಾನ್ಯವಾಗಿ ಅಲ್ಲೇ ನಿಲ್ತವೆ. ಆಮೇಲೆ ನಿಧಾನಕ್ಕೆ ನಡಿ, ಮತ್ತೆ ಹತ್ರ ಬಂದ್ರೆ ಮತ್ತೆ ತಿರುಗಿ ನಿಲ್ಲು. ಕೈಯಲ್ಲೊಂದು ಕೋಲು ಇರ್ಲಿ, ಹೊಡೆಯೋಕಲ್ಲ, ಚಾಚಿ ಹಿಡ್ಕೊಳ್ಳೋಕೆ. ಕರು ಜೊತೆ ಇರೋ ತಾಯಿಗೆ ಮಾತ್ರ ಈ ಕೈ ಅಗಲ ಮಾಡೋದೆಲ್ಲ ಮಾಡೋಕೆ ಹೋಗ್ಬೇಡ, ಅದಕ್ಕೆ ಬೇಕಾಗಿರೋದು ನೀನು ದೂರ ಹೋಗೋದು, ಹೋಗ್ಬಿಡು.

ಇನ್ನೊಂದು ನಮ್ಮ ಕಡೆಯ ಅಭ್ಯಾಸ. ಹಸು ಕಂಡ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋದು, ಬಾಳೆಹಣ್ಣೋ ಚಪಾತಿಯೋ ತಿನ್ಸೋದು. ಅಜ್ಜಿ ಹೇಳ್ಕೊಟ್ಟಿದ್ದು, ನಿನ್ನ ಕೈ ತಾನಾಗೇ ಹೋಗತ್ತೆ ಅಂತ ನನಗೆ ಗೊತ್ತು. ಅಲ್ಲಿ ಮಾಡ್ಬೇಡ. ಒಂದು ಸಲ ಕೈಯಿಂದ ತಿಂದ ದನ ಆಮೇಲೆ ಬ್ಯಾಗ್ ಇರೋ ಪ್ರತಿಯೊಬ್ಬರ ಹಿಂದೆ ಓಡತ್ತೆ, ನಿನಗಲ್ಲ, ನಾಳೆ ಆ ದಾರೀಲಿ ಮಗು ಕರ್ಕೊಂಡು ಬರೋ ಯಾರಿಗೋ ತೊಂದರೆ. ದೂರದಿಂದಲೇ ಮನಸಲ್ಲಿ ನಮಸ್ಕಾರ ಮಾಡ್ಕೊ, ಸಾಕು. ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಹೋಗು, ಮುಚ್ಚಿದ್ರೆ ಮುಚ್ಚಿ, ತೆಗೆದಿದ್ರೆ ತೆಗೆದೇ ಇರ್ಲಿ, ನೀರಿಗೆ ಹೋಗೋಕೆ ಅಂತ ಬೇಕಂತಲೇ ತೆಗೆದಿಟ್ಟಿರ್ತಾರೆ. ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೇಲಿ ದನ ಬಿಟ್ಟಾಗ ಯಾರೋ ದಾರಿಗೆ ಅಡ್ಡ ಹಾಕೋ ಉಣುಗೋಲು ಹಾಕದೆ ಹೋಗಿ ದನವೆಲ್ಲ ಪಕ್ಕದವರ ತರಕಾರಿಗೆ ನುಗ್ಗಿ ಎಷ್ಟು ಜಗಳ ಆಯ್ತು ನೆನಪಿದ್ಯಲ್ಲ.

ಇಲ್ಲಿ ಕಾಫಿಗೆ ಹೂಮಳೆ ಚೆನ್ನಾಗಿ ಬಂತು, ಅದರ ಹಿಂದೆ ಬರೋ ಬ್ಯಾಕಿಂಗ್ ಮಳೇನೂ ಆಯ್ತು, ಅಪ್ಪ ಖುಷೀಲಿದಾರೆ. ಗೌರಿ ಮುಂದಿನ ತಿಂಗಳು ಈಯತ್ತೆ.

ಈ ಶನಿವಾರ ಯಾವ ದಾರಿ ಅಂತ ಶುಕ್ರವಾರ ರಾತ್ರೀನೇ ಮ್ಯಾಪ್ ಫೋಟೋ ಹಾಕು, ಜೊತೆಗೆ ಯಾರು ಬರ್ತಾರೆ ಅವರ ನಂಬರೂ ಹಾಕು. ಫೋನ್ ಚಾರ್ಜ್ ಮಾಡ್ಕೊಂಡು ಹೋಗು, ಏನಾದ್ರೂ ಆದ್ರೆ ಅಲ್ಲಿ 999, 112 ಹೊಡೆದ್ರೂ ಸಿಗತ್ತೆ. ಮತ್ತೆ ನಿನ್ನ ಫ್ರೆಂಡ್ಸ್ ಗೇಟ್ ಹತ್ರ ನಿಂತು ಬೇರೆ ದಾರೀಲಿ ಹೋಗೋಣ ಅಂದ್ರೆ ಅವರ ಮಾತು ಕೇಳು ಪುಟ್ಟಿ, ಅರ್ಧ ಗಂಟೆ ಜಾಸ್ತಿ ನಡೆದ್ರೆ ಏನೂ ಹೋಗಲ್ಲ. ವಾಪಸ್ ರೂಮಿಗೆ ಬಂದ ತಕ್ಷಣ ಮಿಸ್ ಕಾಲ್ ಕೊಡು, ಇಲ್ಲಿ ರಾತ್ರಿ ಎಷ್ಟೇ ಹೊತ್ತಾಗಿರ್ಲಿ ಪರವಾಗಿಲ್ಲ.

ನಿನ್ನ ಅಮ್ಮ