ಶನಿವಾರದ ಗೈಡ್ಸ್ ಸಭೆಯ ಕುರಿತು ಪೋಷಕರಿಗೆ ಪತ್ರ

ಬೆಂಗಳೂರು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ನಮ್ಮ ಶಾಲೆಯ ಗೈಡ್ಸ್ ದಳದ, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್ ಚಳವಳಿಯ ಹುಡುಗಿಯರ ದಳದ, ವಾರದ ಸಭೆಯು ಈ ವರ್ಷವೂ ಪ್ರತಿ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ, 11.45ರಿಂದ 1.15ರವರೆಗೆ ನಡೆಯುತ್ತಿದೆ. ಜೂನ್ ತಿಂಗಳಿನಲ್ಲಿ ಸಭೆಗಳು ಆರಂಭವಾದಾಗಿನಿಂದ ತಮ್ಮಲ್ಲಿ ಹಲವರು ಗೇಟಿನ ಬಳಿ, ಫೋನಿನಲ್ಲಿ ಮತ್ತು ಮಕ್ಕಳ ಡೈರಿಯಲ್ಲಿ ಕೇಳುತ್ತಿರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಒಂದೂವರೆ ಗಂಟೆ ಅಲ್ಲಿ ಏನು ಮಾಡಿಸುತ್ತೀರಿ, ಟೀಚರ್ ಸುಮ್ಮನೆ ನಿಂತಿರುತ್ತಾರಂತೆ ಹೌದೇ, ನನ್ನ ಮಗಳನ್ನು ಅವಳ ಗೆಳತಿಯರಿರುವ ತಂಡಕ್ಕೆ ಹಾಕಬಹುದೇ, ಶನಿವಾರ ಮಧ್ಯಾಹ್ನದ ಟ್ಯೂಷನ್‌ಗೆ ತಡವಾಗುತ್ತದೆ, ಏನು ಮಾಡಲಿ ಎಂಬ ಈ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಒಮ್ಮೆ ವಿವರವಾಗಿ ಬರೆಯುವುದು ಒಳ್ಳೆಯದೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಸಭೆ ನಡೆಯುವ ಕ್ರಮವನ್ನು ತಿಳಿಸುತ್ತೇನೆ. ಮಕ್ಕಳು ತಂದ ಬುತ್ತಿಯನ್ನು ತಿಂದು, ಕೈ ತೊಳೆದು, ಧ್ವಜಸ್ತಂಭದ ಮುಂದೆ ಕುದುರೆ ಲಾಳದ ಆಕಾರದಲ್ಲಿ ನಿಲ್ಲುತ್ತಾರೆ. ಧ್ವಜಾರೋಹಣ, ಪ್ರಾರ್ಥನೆ ಮತ್ತು ತಪಾಸಣೆಗೆ ಹತ್ತು ನಿಮಿಷ ಸಾಕು. ಆಮೇಲೆ ಒಂದು ಓಟದ ಆಟವಿರುತ್ತದೆ. ಬೆಳಗಿನಿಂದ ಬೆಂಚಿನ ಮೇಲೆ ಕುಳಿತ ಮಕ್ಕಳಿಗೆ ಇದು ಬೇಕೇ ಬೇಕು. ಅದಾದ ಮೇಲೆ ನಲವತ್ತು ನಿಮಿಷಗಳ ಕಾಲ ಪ್ರತಿಯೊಂದು ಚಿಕ್ಕ ತಂಡವೂ ತನ್ನ ತನ್ನ ಮೂಲೆಗೆ ಹೋಗುತ್ತದೆ. ಸಂಪಿಗೆ ತಂಡಕ್ಕೆ ಹೊಂಗೆ ಮರದ ಕೆಳಗಿನ ಕಟ್ಟೆ, ಮಲ್ಲಿಗೆ ತಂಡಕ್ಕೆ ಗ್ರಂಥಾಲಯದ ಮುಂದಿನ ಜಗಲಿ, ಕಮಲ ತಂಡಕ್ಕೆ ರಂಗಮಂದಿರದ ಮೆಟ್ಟಿಲು, ಸೇವಂತಿಗೆ ತಂಡಕ್ಕೆ ವಿಜ್ಞಾನ ಪ್ರಯೋಗಾಲಯದ ಪಕ್ಕದ ಕೊಠಡಿ. ಉಳಿದ ಸಮಯದಲ್ಲಿ ಎಲ್ಲರೂ ಮತ್ತೆ ಒಟ್ಟಿಗೆ ಸೇರಿ, ಮಾಡಿದ್ದನ್ನು ತೋರಿಸಿ, ಒಂದು ಹಾಡು ಹಾಡಿ, ಧ್ವಜ ಇಳಿಸಿ ಮನೆಗೆ ಹೊರಡುತ್ತಾರೆ. ಮಳೆ ಬಂದರೆ ಆಟವನ್ನು ಮಾತ್ರ ಸಭಾಂಗಣದೊಳಗೆ ಆಡಿಸುತ್ತೇವೆ, ಸಭೆಯನ್ನು ರದ್ದು ಮಾಡುವುದಿಲ್ಲ.

ಈ ಇಡೀ ಕಾರ್ಯಕ್ರಮದ ಜೀವಾಳ ಆ ನಲವತ್ತು ನಿಮಿಷಗಳೇ. ತಮ್ಮ ಹೆಚ್ಚಿನ ಅನುಮಾನಗಳೂ ಅಲ್ಲಿಯೇ ಹುಟ್ಟಿವೆಯಾದ್ದರಿಂದ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಿಯಮದ ಪ್ರಕಾರ ಒಂದು ಗೈಡ್ಸ್ ದಳದಲ್ಲಿ 32ಕ್ಕಿಂತ ಹೆಚ್ಚು ಮಕ್ಕಳಿರುವಂತಿಲ್ಲ, ಮತ್ತು ಅವರನ್ನು ಆರರಿಂದ ಎಂಟು ಮಕ್ಕಳ ಪ್ಯಾಟ್ರೋಲ್‌ಗಳಾಗಿ, ಅಂದರೆ ನಾವು ಶಾಲೆಯಲ್ಲಿ ತಂಡಗಳೆಂದು ಕರೆಯುವ ಗುಂಪುಗಳಾಗಿ ಹಂಚಬೇಕು. ಪ್ರತಿ ತಂಡಕ್ಕೂ ಒಬ್ಬ ನಾಯಕಿ, ಒಬ್ಬ ಉಪನಾಯಕಿ ಇರುತ್ತಾರೆ. ಇದು ನಮ್ಮ ಶಾಲೆ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡಲ್ಲ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲಿಯೇ ಹುಡುಗರನ್ನು ನಾಲ್ಕು ತಂಡಗಳಾಗಿ ಮಾಡಿ, ಒಂದೊಂದರ ಹೊಣೆಯನ್ನು ಅವರಲ್ಲೇ ಒಬ್ಬ ಹಿರಿಯ ಹುಡುಗನಿಗೆ ವಹಿಸಿದ್ದರು. ಇನ್ನು ಹೆಣ್ಣುಮಕ್ಕಳ ವಿಷಯವಂತೂ ಕೇಳಲೇಬೇಕಾದದ್ದು: 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಕೆಲವು ಹುಡುಗಿಯರು ಯಾರ ಕರೆಯೂ ಇಲ್ಲದೆ, ತಾವೇ ತಂಡ ಕಟ್ಟಿಕೊಂಡು ಬಂದು ನಿಂತರು. ಅದರ ಫಲವಾಗಿ ಮರುವರ್ಷ ಗರ್ಲ್ ಗೈಡ್ಸ್ ಸಂಸ್ಥೆ ಆರಂಭವಾಯಿತು. ಅಂದರೆ ದೊಡ್ಡವರ ಸಂಸ್ಥೆಗಿಂತ ಮೊದಲೇ ಹುಡುಗಿಯರ ತಂಡಗಳು ಇದ್ದವು. ಅದೇ 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಮೊದಲ ಗೈಡ್ಸ್ ದಳ 1911ರಲ್ಲಿ ಜಬಲ್‌ಪುರದಲ್ಲಿ ಶುರುವಾಯಿತು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಗೆ 1951ರ ಆಗಸ್ಟ್ 15ರಂದು ಗೈಡ್ಸ್ ಸಂಘಟನೆಯೂ ಬಂದು ಸೇರಿತು. ಈ ಎಲ್ಲ ಬದಲಾವಣೆಗಳ ನಡುವೆಯೂ ಚಿಕ್ಕ ತಂಡದ ಪದ್ಧತಿಯನ್ನು ಯಾರೂ ಕೈಬಿಟ್ಟಿಲ್ಲ.

ಟೀಚರ್ ಸುಮ್ಮನೆ ನಿಂತಿರುತ್ತಾರೆ ಎಂಬ ಮಾತಿಗೆ ಈಗ ಬರುತ್ತೇನೆ. ಕಳೆದ ಶನಿವಾರ ಸಂಪಿಗೆ ತಂಡದವರು ಮುರಿದ ಕೈಗೆ ತ್ರಿಕೋನ ಬಟ್ಟೆಯ ಜೋಲಿ ಕಟ್ಟುವುದನ್ನು ಕಲಿಯುತ್ತಿದ್ದರು. ಒಂಬತ್ತನೇ ತರಗತಿಯ ನಾಯಕಿ ಆರನೇ ತರಗತಿಯ ಹುಡುಗಿಯೊಬ್ಬಳನ್ನು ರೋಗಿಯಾಗಿ ಕೂರಿಸಿಕೊಂಡು, ಬಟ್ಟೆಯ ಎರಡು ತುದಿಗಳನ್ನು ಕತ್ತಿನ ಹಿಂಭಾಗಕ್ಕೆ ತಂದು ನೇರವಾಗಿ ಎಲುಬಿನ ಮೇಲೆಯೇ ಗಂಟು ಹಾಕಿದಳು. ಗಂಟೂ ತಪ್ಪಾಗಿತ್ತು, ಎಳೆದ ಹಾಗೆಲ್ಲ ಜಾರುತ್ತಿತ್ತು. ಮೂರು ಹೆಜ್ಜೆ ದೂರದಲ್ಲಿದ್ದ ಗೈಡ್ ಕ್ಯಾಪ್ಟನ್, ಅಂದರೆ ದಳದ ಹೊಣೆ ಹೊತ್ತ ಶಿಕ್ಷಕಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರೇ ಹೊರತು ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ರೋಗಿಯೇ "ಅಕ್ಕಾ, ಹಿಂದೆ ಒತ್ತತಾ ಇದೆ" ಎಂದಳು. ಉಪನಾಯಕಿ ಪುಸ್ತಕ ತೆರೆದು ಚಿತ್ರ ನೋಡಿದಳು, ಇಬ್ಬರೂ ಸೇರಿ ಗಂಟನ್ನು ಕೊರಳಿನ ಪಕ್ಕಕ್ಕೆ ಸರಿಸಿದರು, ಜಾರುವ ಗಂಟನ್ನು ಬಿಚ್ಚಿ ಚಪ್ಪಟೆಯಾಗಿ ಕೂರುವ ರೀಫ್ ಗಂಟು ಹಾಕಿದರು. ಬೆರಳ ತುದಿಗಳು ಜೋಲಿಯಿಂದ ಹೊರಗೆ ಕಾಣುತ್ತಿರಬೇಕು, ಅವು ನೀಲಿಯಾದರೆ ಅಥವಾ ತಣ್ಣಗಾದರೆ ರಕ್ತಸಂಚಾರಕ್ಕೆ ತಡೆಯಾಗಿದೆ ಎಂದು ತಿಳಿಯಬೇಕು ಎನ್ನುವುದನ್ನು ನಾಯಕಿಯೇ ಓದಿ ಉಳಿದವರಿಗೆ ಹೇಳಿದಳು. ಇದೇ ಪಾಠವನ್ನು ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಮುಗಿಸಬಹುದಾಗಿತ್ತು. ಅಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಹೆಚ್ಚಿನ ಇಪ್ಪತ್ತು ನಿಮಿಷಗಳಿಗಾಗಿಯೇ ನಾವು ಈ ಸಭೆಯನ್ನು ನಡೆಸುವುದು. ತಪ್ಪು ಗಂಟು ಪ್ರಾಣಕ್ಕೆ ಕುತ್ತು ತರುವಂತಿದ್ದರೆ, ಒಲೆಯೋ ಚಾಕುವೋ ಕೈಯಲ್ಲಿದ್ದರೆ ಕ್ಯಾಪ್ಟನ್ ಖಂಡಿತ ಮಧ್ಯೆ ಬರುತ್ತಾರೆ. ಉಳಿದಂತೆ ಅವರ ಕೆಲಸ ಶುಕ್ರವಾರವೇ ಮುಗಿದಿರುತ್ತದೆ, ಏಕೆಂದರೆ ಶುಕ್ರವಾರ ಸಂಜೆ ಅರ್ಧ ಗಂಟೆ ಅವರು ನಾಲ್ವರು ನಾಯಕಿಯರನ್ನು ಕೂರಿಸಿಕೊಂಡು ಮರುದಿನ ಏನನ್ನು ಹೇಗೆ ಕಲಿಸಬೇಕೆಂದು ಅವರಿಗೆ ಕಲಿಸಿರುತ್ತಾರೆ.

ತಂಡಗಳನ್ನು ಹೇಗೆ ಮಾಡುತ್ತೇವೆ ಎಂಬುದನ್ನೂ ಹೇಳಬೇಕು. ಒಂದೊಂದು ತಂಡದಲ್ಲಿಯೂ ಆರನೇ ತರಗತಿಯಿಂದ ಒಂಬತ್ತನೇ ತರಗತಿಯವರೆಗಿನ ಮಕ್ಕಳು ಬೆರೆತಿರುತ್ತಾರೆ. ಪ್ರತಿ ಹುಡುಗಿಗೂ ತನ್ನ ಪರಿಚಯದ ಒಬ್ಬಳಾದರೂ ತಂಡದಲ್ಲಿರುವಂತೆ ನೋಡಿಕೊಳ್ಳುತ್ತೇವೆ. ಆದರೆ ತರಗತಿಯಲ್ಲಿ ಸದಾ ಒಟ್ಟಿಗಿರುವ ನಾಲ್ಕೈದು ಗೆಳತಿಯರನ್ನು ಒಂದೇ ತಂಡಕ್ಕೆ ಹಾಕುವುದಿಲ್ಲ, ಹಾಗೆ ಹಾಕಿದರೆ ಉಳಿದ ಇಬ್ಬರು ಮೂವರು ತಂಡದಲ್ಲಿದ್ದೂ ಹೊರಗಿನವರಾಗುತ್ತಾರೆ. ಆದ್ದರಿಂದ ಈ ವಿಷಯದಲ್ಲಿ ಶಿಫಾರಸು ಮಾಡಬೇಡಿರೆಂದು ವಿನಂತಿ. ನಾಯಕಿಯನ್ನು ತಂಡದವರೇ ಚರ್ಚಿಸಿ ಸೂಚಿಸುತ್ತಾರೆ, ಕ್ಯಾಪ್ಟನ್ ಒಪ್ಪಿಗೆ ಕೊಡುತ್ತಾರೆ. ಅಂಕಗಳನ್ನು ನಾವು ನೋಡುವುದಿಲ್ಲ. ತರಗತಿಯಲ್ಲಿ ಮೊದಲು ಬರುವ ಹುಡುಗಿಗೆ ಇನ್ನೊಬ್ಬರು ನಿಧಾನವಾಗಿ ಕಲಿಯುವುದನ್ನು ಕಾಯುವ ತಾಳ್ಮೆ ಇರಲೇಬೇಕೆಂದೇನಿಲ್ಲ, ಇದ್ದರೆ ಸಂತೋಷ.

ನಾಯಕಿಯಾಗದವರಿಗೆ ಕೆಲಸವಿಲ್ಲ ಎಂದು ತಿಳಿಯಬಾರದು. ತಂಡದಲ್ಲಿ ಒಬ್ಬಳು ಹಾಜರಿ ಪುಸ್ತಕ ಬರೆಯುತ್ತಾಳೆ, ಒಬ್ಬಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಾಳೆ, ಒಬ್ಬಳು ಹಗ್ಗ ಮತ್ತು ಕೋಲುಗಳನ್ನು ಎಣಿಸಿ ಒಳಗಿಡುತ್ತಾಳೆ, ಇನ್ನೊಬ್ಬಳು ತಿಂಗಳಿಗೆ ತಲಾ ಹತ್ತು ರೂಪಾಯಿಯಂತೆ ಸೇರುವ ತಂಡದ ಹಣದ ಲೆಕ್ಕ ಇಡುತ್ತಾಳೆ. ಗುಡಿಸುವ ಸರದಿ ನಾಯಕಿಯೂ ಸೇರಿ ಎಲ್ಲರಿಗೂ ಬರುತ್ತದೆ. "ನಮ್ಮ ಮಗಳ ಕೈಯಲ್ಲಿ ಪೊರಕೆ ಕೊಟ್ಟಿದ್ದೀರಿ" ಎಂದು ಒಬ್ಬರು ಬೇಸರಿಸಿಕೊಂಡಿದ್ದರಿಂದ ಇದನ್ನು ಹೇಳುತ್ತಿದ್ದೇನೆ. ತರಗತಿಯಲ್ಲಿ ಬಾಯಿಯೇ ಬಿಡದ ಕೆಲವು ಮಕ್ಕಳು ಹಾಜರಿ ಪುಸ್ತಕ ಕೈಗೆ ಬಂದ ಕೂಡಲೇ ಎಲ್ಲರ ಹೆಸರನ್ನೂ ಜೋರಾಗಿ ಕೂಗುವುದನ್ನು ನಾನು ನನ್ನ ಕೊಠಡಿಯ ಕಿಟಕಿಯಿಂದಲೇ ಕೇಳಿಸಿಕೊಳ್ಳುತ್ತೇನೆ.

ತಿಂಗಳಿಗೊಮ್ಮೆ ನಾಯಕಿಯರು ಕ್ಯಾಪ್ಟನ್ ಜೊತೆ ಕುಳಿತು ದಳದ ವಿಷಯಗಳನ್ನು ತೀರ್ಮಾನಿಸುತ್ತಾರೆ. ಕೋರ್ಟ್ ಆಫ್ ಆನರ್ ಎಂದು ಕರೆಯುವ ಈ ಸಭೆಯ ಮುಂದೆ ಜುಲೈನಲ್ಲಿ ಬಂದ ಪ್ರಶ್ನೆ, ಪೂರ್ತಿ ಸಮವಸ್ತ್ರ ಇನ್ನೂ ಹೊಲಿಸಿಕೊಳ್ಳದವರು ಹೊರಸಂಚಾರಕ್ಕೆ ಬರಬಹುದೇ ಎಂಬುದು. ಸ್ಕಾರ್ಫ್ ಒಂದಿದ್ದರೆ ಸಾಕು, ಶಾಲೆಯ ಸಮವಸ್ತ್ರದ ಮೇಲೆಯೇ ಅದನ್ನು ಹಾಕಿಕೊಂಡು ಬರಲಿ ಎಂದು ಮಕ್ಕಳು ನಿರ್ಧರಿಸಿದರು, ಅದನ್ನೇ ನಾನೂ ಜಾರಿಗೆ ತಂದಿದ್ದೇನೆ. ದೀಪಾವಳಿಯವರೆಗೆ ಹೊಸ ಬಟ್ಟೆಗೆ ಆತುರಪಡಬೇಕಾಗಿಲ್ಲ. ಶಾಲೆ ಬಿಟ್ಟುಹೋದ ಮಕ್ಕಳು ಕೊಟ್ಟ ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರಗಳು ಕಚೇರಿಯಲ್ಲಿವೆ. ಬೇಕಾದವರು ನನ್ನನ್ನು ನೇರವಾಗಿ ಕೇಳಿ, ಯಾರಿಗೂ ತಿಳಿಯದಂತೆ ಕೊಡುವ ವ್ಯವಸ್ಥೆ ಮಾಡುತ್ತೇನೆ.

ಆ ಹೊರಸಂಚಾರ ನವೆಂಬರ್ ತಿಂಗಳಿನ ಒಂದು ಶನಿವಾರ ಲಾಲ್‌ಬಾಗ್‌ನಲ್ಲಿ ನಡೆಯಲಿದೆ. ಆಗಸ್ಟ್‌ನಲ್ಲಿಯೇ ಹೋಗೋಣ ಎಂದು ಕೆಲವು ಮಕ್ಕಳು ಹಟ ಹಿಡಿದಿದ್ದರು, ಆದರೆ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ನಾಲ್ಕು ತಂಡಗಳನ್ನು ಬೇರೆ ಬೇರೆ ದಾರಿಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಪ್ರತಿ ತಂಡವೂ ತನ್ನ ದಾರಿಯ ನಕ್ಷೆಯನ್ನು ತಾನೇ ಬರೆದು, ಮೆಟ್ರೋ ಅಥವಾ ಬಿಎಂಟಿಸಿ ಬಸ್ಸಿನ ಖರ್ಚನ್ನು ತಂಡದ ಹಣದಿಂದ ಲೆಕ್ಕ ಹಾಕಿ, ಐದು ಮರಗಳನ್ನು ಎಲೆ ಮತ್ತು ತೊಗಟೆಯಿಂದ ಗುರುತಿಸಿ, ಕೆಂಪೇಗೌಡರ ಗೋಪುರವಿರುವ ಬಂಡೆಯ ಬಳಿ ಬಂದು ಸೇರಬೇಕು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಒಂದೊಂದು ತಂಡದ ಹಿಂದೆ ಇಬ್ಬರು ಹಿರಿಯ ಮಹಿಳೆಯರು ನಡೆಯಬೇಕಾದ್ದರಿಂದ ಶಿಕ್ಷಕಿಯರ ಜೊತೆಗೆ ನಾಲ್ವರು ತಾಯಂದಿರ ನೆರವು ಬೇಕಾಗಿದೆ. ಬರುವ ತಾಯಂದಿರನ್ನು ಅವರ ಮಗಳಿಲ್ಲದ ತಂಡಕ್ಕೆ ಕಳಿಸಲಾಗುವುದು, ಮತ್ತು ದಾರಿ ತಪ್ಪಿದ್ದು ಕಂಡರೂ ಮಕ್ಕಳು ತಾವೇ ನಕ್ಷೆ ತೆಗೆದು ನೋಡುವವರೆಗೆ ಸುಮ್ಮನಿರಬೇಕೆಂಬ ಷರತ್ತೂ ಇದೆ. ಇದು ಕೇಳಿದಷ್ಟು ಸುಲಭವಲ್ಲ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಮಕ್ಕಳ ಮತಕ್ಕೆ ಬಿಡುವ ಪ್ರಶ್ನೆಯೇ ಇಲ್ಲ. ಸಭೆ ನಡೆಯುವಷ್ಟು ಹೊತ್ತೂ ಕನಿಷ್ಠ ಇಬ್ಬರು ಶಿಕ್ಷಕಿಯರು ಆವರಣದಲ್ಲಿರುತ್ತಾರೆ. ಯಾವ ಹಿರಿಯರೂ ಒಬ್ಬಳೇ ಹುಡುಗಿಯೊಂದಿಗೆ ಮುಚ್ಚಿದ ಬಾಗಿಲಿನ ಕೊಠಡಿಯಲ್ಲಿ ಇರುವಂತಿಲ್ಲ, ಅದಕ್ಕೆ ನಾನೂ ಹೊರತಲ್ಲ. ಮಗಳನ್ನು ಕರೆದೊಯ್ಯಲು ಬರುವವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಬರೆದುಕೊಟ್ಟಿರಬೇಕು; ಹೆಸರಿಲ್ಲದವರು ಬಂದರೆ, ಎಷ್ಟೇ ಹತ್ತಿರದ ನೆಂಟರಾಗಿದ್ದರೂ, ತಮಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಕಳುಹಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ತಂಡದ ಹಾಜರಿ ಪುಸ್ತಕದ ಮೊದಲ ಪುಟದಲ್ಲಿದೆ, ಮಕ್ಕಳಿಗೆ ಅದು ಬಾಯಿಪಾಠವೂ ಆಗಿದೆ. ಮುಟ್ಟಿನ ದಿನಗಳಲ್ಲಿ ಓಟದ ಆಟ ಬೇಡವೆನಿಸಿದವರು ಕಾರಣ ಹೇಳದೆ ಪಕ್ಕಕ್ಕೆ ಕೂರಬಹುದು. ಪ್ಯಾಡ್‌ಗಳಿರುವ ಕಪಾಟಿನ ಕೀಲಿ ನಾಯಕಿಯರ ಬಳಿಯೇ ಇರುತ್ತದೆ. ಸಭೆಯ ಫೋಟೋಗಳನ್ನು ದಯವಿಟ್ಟು ವಾಟ್ಸ್‌ಆಪ್ ಸ್ಟೇಟಸ್‌ಗೆ ಹಾಕಬೇಡಿ, ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಟ್ಯೂಷನ್ ಕುರಿತು ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಏಳು ಜನರ ತಂಡದಿಂದ ವಾರ ಬಿಟ್ಟು ವಾರ ಇಬ್ಬರು ತಪ್ಪಿಸಿಕೊಂಡರೆ ನಷ್ಟ ಆ ಇಬ್ಬರದು ಮಾತ್ರವಲ್ಲ. ಹಣದ ಲೆಕ್ಕ ನಿಲ್ಲುತ್ತದೆ, ಅರ್ಧ ಕಟ್ಟಿದ ಡೇರೆ ಹಾಗೇ ಉಳಿಯುತ್ತದೆ, ಬಂದವರಿಗೂ ಬರುವ ಉತ್ಸಾಹ ಇಳಿಯುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಟ್ಯೂಷನ್ ಸಮಯವನ್ನು ಎರಡು ಗಂಟೆಯ ನಂತರಕ್ಕೆ ಬದಲಾಯಿಸಿಕೊಳ್ಳಿ. ಅದು ಆಗದಿದ್ದರೆ ಈ ವರ್ಷ ದಳಕ್ಕೆ ಸೇರಿಸದಿರುವುದೇ ಮೇಲು, ಅದರಿಂದ ಯಾರಿಗೂ ಬೇಸರವಿಲ್ಲ. ಹತ್ತನೇ ತರಗತಿಯವರಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅವರು ಬಿಡುವಿದ್ದಾಗ ಬಂದು ಕಿರಿಯರಿಗೆ ನೆರವಾಗಬಹುದು.

ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದರಾಚೆ ರಾಜ್ಯ ಪುರಸ್ಕಾರ ಎಂಬ ಗೈಡ್ಸ್ ತರಬೇತಿಯ ಹಂತಗಳ ಬಗ್ಗೆಯೂ ಕೆಲವರು ವಿಚಾರಿಸಿದ್ದೀರಿ. ಅರ್ಹರಾದವರನ್ನು ಪರೀಕ್ಷೆಗಳಿಗೆ ಕಳಿಸುತ್ತೇವೆ, ಆದರೆ ಬ್ಯಾಡ್ಜ್‌ಗಾಗಿ ಯಾರನ್ನೂ ಅವಸರಪಡಿಸುವುದಿಲ್ಲ. ಮನೆಯಲ್ಲಿ ತಾವು ಮಾಡಬಹುದಾದದ್ದು ಇಷ್ಟೇ: ಮಗಳು ಕಲಿತು ಬಂದ ಗಂಟನ್ನು ತಮಗೆ ಕಲಿಸಲಿ, ತಂಡಕ್ಕೆ ಬೇಕಾದ ಚಾರ್ಟನ್ನು ವಕ್ರವಾಗಿಯಾದರೂ ಅವಳೇ ಬರೆಯಲಿ. ಹಿಂದೊಮ್ಮೆ ಶಿಬಿರಾಗ್ನಿಯ ಕಿರುನಾಟಕವನ್ನು ತಾಯಂದಿರ ವಾಟ್ಸ್‌ಆಪ್ ಗುಂಪೇ ಬರೆದು, ಪಾತ್ರ ಹಂಚಿ, ಉಡುಪನ್ನೂ ಗೊತ್ತುಪಡಿಸಿಬಿಟ್ಟಿತ್ತು. ನಾಟಕ ಬಹಳ ಚೆನ್ನಾಗಿತ್ತು, ಮಕ್ಕಳು ಮಾತ್ರ ಅದರಲ್ಲಿ ಅತಿಥಿಗಳಂತಿದ್ದರು.

ಈ ಪತ್ರದೊಂದಿಗೆ ಎರಡು ಹಾಳೆಗಳಿವೆ. ಮೊದಲನೆಯದು ವಾರದ ಸಭೆ ಮತ್ತು ಲಾಲ್‌ಬಾಗ್ ಸಂಚಾರಕ್ಕೆ ಒಪ್ಪಿಗೆ ಪತ್ರ. ಅದರಲ್ಲಿ ಮಗುವಿಗೆ ಯಾವುದಾದರೂ ಔಷಧ ಅಥವಾ ಆಹಾರ ಒಗ್ಗದಿದ್ದರೆ ತಪ್ಪದೆ ನಮೂದಿಸಿ. ಎರಡನೆಯದರಲ್ಲಿ ಕರೆದೊಯ್ಯುವವರ ವಿವರ ತುಂಬಬೇಕು. ಎರಡನ್ನೂ ಮುಂದಿನ ಗುರುವಾರದೊಳಗೆ ತರಗತಿ ಶಿಕ್ಷಕರ ಕೈಗೆ ತಲುಪಿಸಿ. ಸಭೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಯಾವ ಶನಿವಾರ ಬೇಕಾದರೂ ಬರಬಹುದು, ಹಿಂದಿನ ದಿನ ಕಚೇರಿಗೆ ತಿಳಿಸಿದರೆ ಸಾಕು. ಕುರ್ಚಿಗಳನ್ನು ಹೊಂಗೆ ಮರದಿಂದ ಸ್ವಲ್ಪ ದೂರದಲ್ಲಿಯೇ ಹಾಕಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,

ಮುಖ್ಯ ಶಿಕ್ಷಕಿ